ಆನೆ ಓಡಾಡುವ ತೋಟಕ್ಕೆ ಎಂಥ ನಾಯಿ?

ನವೆಂಬರ್ 30, 2025, ಭಾನುವಾರ
ಸಕಲೇಶಪುರ

ಮನೆಗೆ ನಾಯಿ ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಎಂಥ ನಾಯಿ ಅನ್ನುವುದರಲ್ಲೇ ಎಲ್ಲ ಚರ್ಚೆ. ಮಳೆಗಾಲದಲ್ಲಿ ನಮ್ಮ ಕೆಂಚ ವಯಸ್ಸಾಗಿ ತೀರಿಕೊಂಡ. ಈಗ ಅರೇಬಿಕಾ ಕಾಫಿ ಹಣ್ಣು ಕೊಯ್ಲು ಶುರುವಾಗಿದೆ, ಗದ್ದೆಯಲ್ಲಿ ಭತ್ತ ಬಲಿತಿದೆ. ಆನೆಗಳು ಬರುವ ಕಾಲವೂ ಇದೇ. ರಾತ್ರಿ ಹಿತ್ತಲಲ್ಲಿ ಏನೋ ಓಡಾಡಿದರೆ ಮೊದಲು ಗೊತ್ತಾಗಬೇಕಾದದ್ದು ನಾಯಿಗೆ, ಆಮೇಲೆ ನಮಗೆ. ಹಾಗಾಗಿ ಇನ್ನು ತಡ ಮಾಡುವಂತಿಲ್ಲ.

ಬಾಮೈದ ಬೆಂಗಳೂರಿನಿಂದ ಫೋನ್ ಮಾಡಿದ್ದ. "ಭಾವ, ಸುಮ್ನೆ ಒಂದು ರಾಟ್‌ವೀಲರ್ ತಂದುಬಿಡಿ. ಚಿರತೆ ಹತ್ರಾನೂ ಸುಳಿಯಲ್ಲ" ಅಂದ. ಅವನ ಕಾಳಜಿ ನನಗೆ ಗೊತ್ತು. ಆದರೂ ಈ ಮಾತನ್ನು ನಾನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಚಿರತೆ ನಾಯಿಯ ಜೊತೆ ಜಗಳಕ್ಕೆ ಬರುವುದಿಲ್ಲ. ಊಟಕ್ಕೆ ಬರುತ್ತದೆ. ಕತ್ತಲಲ್ಲಿ ಕಾದು ಕೂತು, ಸದ್ದಿಲ್ಲದೆ ಬಂದು ಕುತ್ತಿಗೆಗೇ ಬಾಯಿ ಹಾಕುತ್ತದೆ. ನಾಯಿಯ ತೂಕ, ಹಲ್ಲು, ಧೈರ್ಯ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ.

ಮಹಾರಾಷ್ಟ್ರದ ಅಕೋಲೆ ಕಡೆ ಹೊಲಗದ್ದೆಗಳ ನಡುವೆಯೇ ಬದುಕುವ ಚಿರತೆಗಳ ಹಿಕ್ಕೆಯನ್ನು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಜೊತೆಯವರು ಪರೀಕ್ಷೆ ಮಾಡಿದ್ದರು. ಚಿರತೆ ತಿಂದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದು. ಆ ಊರುಗಳಲ್ಲಿ ನಾಯಿಗಿಂತ ಆಡುಗಳೇ ಎಷ್ಟೋ ಜಾಸ್ತಿ. ಆದರೆ ಆಡನ್ನು ಸಂಜೆ ದೊಡ್ಡಿಗೆ ಕೂಡುತ್ತಾರೆ. ನಾಯಿ ಹೊರಗೇ ಇರುತ್ತದೆ. ಇದನ್ನು ಓದಿದ ಮೇಲೆ ನಾನು ನಾಯಿಯ ಜಾತಿಗಿಂತ ನಾಯಿ ಮಲಗುವ ಜಾಗದ ಬಗ್ಗೆ ಜಾಸ್ತಿ ಯೋಚಿಸತೊಡಗಿದೆ. 2022ರ ಅಂದಾಜಿನಲ್ಲಿ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅವೆಲ್ಲ ದಟ್ಟ ಕಾಡಿನಲ್ಲೇ ಇರುವುದಿಲ್ಲ ಅನ್ನುವುದು ತೋಟದವರಿಗೆಲ್ಲ ಗೊತ್ತು.

ಚಿರತೆಯದು ನಾಯಿಗೆ ಬರುವ ಅಪಾಯ. ಆನೆಯದು ನಾಯಿಯಿಂದ ನಮಗೆ ಬರುವ ಅಪಾಯ. ಹೊರಗಿನವರಿಗೆ ಇದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ನಮ್ಮ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡುವವರು, ಹಿಂದೆ ಕೆಲಸ ಮಾಡುತ್ತಿದ್ದ ತೋಟದಲ್ಲಿ ಕಣ್ಣಾರೆ ಕಂಡದ್ದನ್ನು ಇವತ್ತು ಮತ್ತೆ ಹೇಳಿದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೆಳಗಿನ ಕಾಫಿ ಗಿಡಗಳ ನಡುವೆ ಒಂಟಿ ಸಲಗ ನಿಂತಿತ್ತಂತೆ. ಯಾರಿಗೂ ಗೊತ್ತಿರಲಿಲ್ಲ. ತೋಟದ ನಾಯಿ, ಭಾರಿ ಜೋರಿನದು, ಬೊಗಳುತ್ತಾ ನುಗ್ಗಿತು. ಆನೆ ಮೊದಮೊದಲು ಅಲ್ಲಾಡಲೇ ಇಲ್ಲ. ನಾಯಿಗೆ ಧೈರ್ಯ ಹೆಚ್ಚಾಯಿತು, ಕಾಲ ಹತ್ತಿರವೇ ಹೋಯಿತು. ಒಮ್ಮೆಗೇ ಆನೆ ಕಿವಿ ಅಗಲಿಸಿ ತಿರುಗಿತು. ನಾಯಿ ಎಲ್ಲಿಗೆ ಓಡುತ್ತದೆ? ಅನ್ನ ಹಾಕುವವನ ಹತ್ತಿರಕ್ಕೆ. ಏನು ಗಲಾಟೆ ಅಂತ ನೋಡಲು ಬಂದಿದ್ದ ಕಾವಲಿನವನ ಕಾಲ ಸಂದಿಗೆ ಬಂದು ಸೇರಿಕೊಂಡಿತು. ಹಿಂದೆಯೇ ಆನೆ. ಆತ ಪಲ್ಪರ್ ಮನೆಯ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡಿದ್ದರಿಂದ ಬದುಕಿದ. "ಆ ನಾಯಿ ಹೆದರುಪುಕ್ಕಲು ಆಗಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ ಸಾರ್" ಅಂದರು ರೈಟರ್.

ಆ ಮಾತು ನೂರಕ್ಕೆ ನೂರು ಸರಿ. ಈ ಅಕ್ಟೋಬರ್‌ನಲ್ಲಿ ಬಂದ ಡಿಎನ್ಎ ಆಧಾರದ ಲೆಕ್ಕದಲ್ಲಿ ಕರ್ನಾಟಕದಲ್ಲಿ 6,013 ಆನೆಗಳಿವೆ, ದೇಶದಲ್ಲೇ ಹೆಚ್ಚು. ಆನೆಯನ್ನು ಓಡಿಸುವ ನಾಯಿ ಅಂತ ಯಾವುದೂ ಇಲ್ಲ. ಆನೆ ಬಂದಿದೆ ಅಂತ ದೂರದಿಂದ ಹೇಳುವ ನಾಯಿ ಇದೆ. ನನಗೆ ಬೇಕಾದದ್ದು ಅದು. ಜಗಲಿ ಬಿಟ್ಟು ಹೋಗಬಾರದು. ಕೂಗಬೇಕು. ಹೆಸರು ಹಿಡಿದು ಕರೆದರೆ ಅರ್ಧ ದಾರಿಯಲ್ಲಿದ್ದರೂ ತಿರುಗಿ ಬರಬೇಕು. ಈ ಮೂರನೆಯದು ಎಲ್ಲಕ್ಕಿಂತ ಮುಖ್ಯ.

ಅಣ್ಣನ ಮನಸ್ಸು ಮುಧೋಳ ನಾಯಿಯ ಮೇಲೆ. ನನಗೂ ಆ ನಾಯಿ ಅಂದರೆ ಪ್ರೀತಿ, ಗೌರವ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟ ತಳಿ ಅದು. 2005ರಲ್ಲಿ ಅದರ ಅಂಚೆ ಚೀಟಿಯೂ ಬಂತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಆದರೆ ಅದು ಬಾಗಲಕೋಟೆಯ ಬಯಲಿನ ನಾಯಿ. ಕಣ್ಣಿಗೆ ಓಡುವುದು ಬಿದ್ದರೆ ಬೆನ್ನು ಹತ್ತುವುದು ಅದರ ರಕ್ತದಲ್ಲೇ ಇದೆ. ನಮ್ಮಲ್ಲಿ ಕಣ್ಣೆದುರು ಓಡುವುದು ಕಾಡುಹಂದಿ, ಕಡವೆ, ಕಾಟಿಯ (ಕಾಡುಕೋಣದ) ಕರು. ಹಂದಿಯ ಹಿಂದೆ ಹೋದ ನಾಯಿ ಉರುಳಿಗೆ ಸಿಕ್ಕಿಕೊಳ್ಳಬಹುದು, ಯಾರೋ ಇಟ್ಟ ಸಿಡಿಮದ್ದಿಗೆ ಬಾಯಿ ಹಾಕಬಹುದು, ಹಂದಿಯ ಕೋರೆಗೇ ಹೊಟ್ಟೆ ಕೊಡಬಹುದು. ಕಾಟಿ ಮರಿ ಜೊತೆ ಇದ್ದರೆ ಇನ್ನೂ ಕಷ್ಟ. ಬೇಲಿಯ ಮುಳ್ಳುತಂತಿಗೆ ಆ ತೆಳು ಚರ್ಮ ತಡೆಯುವುದಿಲ್ಲ. ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದೂ ಬೇಟೆಯೇ. ನಾಯಿ ಬಿಟ್ಟು ಹಂದಿ ಹಿಡಿಸಿ ಹೆಮ್ಮೆಪಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಸ್ಕಿ, ಸೇಂಟ್ ಬರ್ನಾರ್ಡ್ ಬಗ್ಗೆ ಮಾತೇ ಬೇಡ. ನಮ್ಮ ಮಳೆಯಲ್ಲಿ ಆ ಕೂದಲು ಒಣಗುವುದೇ ಇಲ್ಲ.

ಬೇರೆ ಕಡೆ ಏನು ಮಾಡುತ್ತಾರೆ ಅಂತಲೂ ಓದಿ ನೋಡಿದೆ. ನಮೀಬಿಯಾದಲ್ಲಿ ಚೀತಾ ಕನ್ಸರ್ವೇಶನ್ ಫಂಡ್‌ನವರು 1994ರಿಂದ ರೈತರಿಗೆ ಅನಟೋಲಿಯನ್ ಶೆಪರ್ಡ್, ಕಂಗಾಲ್ ತಳಿಯ ಮರಿಗಳನ್ನು ಕೊಡುತ್ತಿದ್ದಾರೆ. ಮರಿಯನ್ನು ಚಿಕ್ಕಂದಿನಿಂದಲೇ ಆಡುಗಳ ಜೊತೆ ಬೆಳೆಸುತ್ತಾರೆ. ಅದು ಮಂದೆಯನ್ನೇ ತನ್ನ ಮನೆ ಅಂದುಕೊಳ್ಳುತ್ತದೆ, ಬೇಟೆಗೆ ಹೋಗುವುದಿಲ್ಲ. ಮಂದೆಯ ಮುಂದೆ ನಿಂತು ಬೊಗಳುತ್ತದೆ. ಚೀತಾ ಜಗಳ ತಪ್ಪಿಸಿಕೊಳ್ಳುವ ಪ್ರಾಣಿ, ಹೊರಟು ಹೋಗುತ್ತದೆ. ರೈತನಿಗೆ ಆಡು ಉಳಿಯಿತು, ಗುಂಡೇಟು ತಪ್ಪಿ ಚೀತಾನೂ ಉಳಿಯಿತು. ಎಷ್ಟು ಒಳ್ಳೆಯ ಕೆಲಸ ಅಲ್ವಾ? ಆದರೆ ನಮ್ಮಲ್ಲಿ ಅದನ್ನೇ ಮಾಡಲಾಗದು. ಇಲ್ಲಿ ಕಾಯಲು ಮಂದೆ ಇಲ್ಲ, ಎದುರಿಗಿರುವುದು ಚೀತಾನೂ ಅಲ್ಲ. ಹಿಮಾಲಯದ ಕುರಿಗಾಹಿಗಳು ಗದ್ದಿ ನಾಯಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ, ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲಿ ಅಂತ. ಬಯಲಿನ ಹುಲ್ಲುಗಾವಲಿಗೆ ಅದು ಸರಿ. ನಮ್ಮ ಲಂಟಾನದ ಪೊದೆಯಲ್ಲಿ, ಬೇಲಿಯ ತಂತಿಯಲ್ಲಿ ಅದೇ ಸಿಕ್ಕಿಕೊಂಡರೆ? ರಾತ್ರಿ ಒಳಗೆ ಮಲಗಿಸುವುದೇ ವಾಸಿ ಅನ್ನಿಸಿತು.

ಕೊನೆಗೆ ಅತ್ತೆಯವರ ಮಾತೇ ಗೆದ್ದಿತು. "ಲೈನ್ ಮನೆ ಹತ್ರ ನಾಯಿ ಮರಿ ಹಾಕಿದೆ, ಹೋಗಿ ನೋಡು. ಇಲ್ಲೇ ಹುಟ್ಟಿದ್ದಕ್ಕೆ ಇಲ್ಲಿಯ ಬುದ್ಧಿ ಇರುತ್ತೆ" ಅಂದರು. ಬೆಳಿಗ್ಗೆ ತಿಂಡಿ ತಿಂದು, ತೋಟದ ಕೆಲಸದವರು ಇರುವ ಆ ಲೈನ್ ಮನೆಗಳ ಹತ್ತಿರ ಹೋದೆ. ಸೌದೆ ಒಟ್ಟಿದ ಹಿಂದೆ ಗೋಣಿಚೀಲದ ಮೇಲೆ ತಾಯಿ ಮಲಗಿತ್ತು. ಮೊದಲು ನೋಡಿದ್ದು ತಾಯಿಯನ್ನೇ. ನನ್ನನ್ನು ಕಂಡು ಎದ್ದು ನಿಂತು ಗಟ್ಟಿಯಾಗಿ ಬೊಗಳಿತು, ಆದರೆ ಮರಿಗಳನ್ನು ಬಿಟ್ಟು ಮುಂದೆ ಬರಲಿಲ್ಲ. ಅಲ್ಲಿಯ ಅಜ್ಜಿ "ಏ, ಸಾಕು" ಅಂದ ಕೂಡಲೇ ಸುಮ್ಮನಾಯಿತು. ತಾಯಿ ಹೀಗಿದ್ದರೆ ಅರ್ಧ ಕೆಲಸ ಆದ ಹಾಗೆ. "ಆನೆ ಬಂದ್ರೆ ಇದು ಏನು ಮಾಡುತ್ತೆ ಅಜ್ಜಿ?" ಅಂತ ಕೇಳಿದೆ. "ಒಳಗೆ ಓಡಿ ಬಂದು ಮಂಚದ ಕೆಳಗಿಂದ ಬೊಗಳ್ತದೆ ಅಯ್ಯ" ಅಂದರು. ನನಗೆ ಇನ್ನೇನು ಬೇಕು!

ಮರಿಗಳು ಆಡುತ್ತಿದ್ದಾಗ ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ತಟ್ಟೆಯನ್ನು ಕಲ್ಲಿನ ಮೇಲೆ ಬೀಳಿಸಿದೆ. ದಪ್ಪ ಕರಿ ಗಂಡು ಮರಿ ನೇರ ತಟ್ಟೆಯ ಮೇಲೇ ನುಗ್ಗಿ ಅಂಚು ಕಚ್ಚಿತು. ನೋಡಲು ಚೆಂದ, ರೈಟರ್ ಕೂಡ "ಗಂಡು ಅಂದ್ರೆ ಇದು" ಅಂದರು. ನನಗೆ ಅದು ಬೇಡ. ಇನ್ನೊಂದು ಸೌದೆಯ ಸಂದಿಗೆ ನುಗ್ಗಿದ್ದು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಅಷ್ಟು ಹೆದರಿಕೆಯೂ ಆಗದು, ಪಟಾಕಿ ಸದ್ದಿಗೆ ಮನೆ ಬಿಟ್ಟು ಕಾಡಿಗೆ ಓಡಿಬಿಡುತ್ತದೆ. ಕಂದು ಬಣ್ಣದ ಒಂದು ಹೆಣ್ಣು ಮರಿ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಸಣ್ಣದಾಗಿ ಬೊಗಳಿತು. ಆಮೇಲೆ ತಾಯಿಯ ಮುಖ ನೋಡಿತು. ತಾಯಿ ಸುಮ್ಮನಿದ್ದದ್ದು ಕಂಡು ನಿಧಾನವಾಗಿ ಬಂದು ತಟ್ಟೆ ಮೂಸಿತು. ನಾನು ಕೂತು ನಾಲಿಗೆಯಲ್ಲಿ ಸದ್ದು ಮಾಡಿದರೆ ಅದೇ ಮೊದಲು ಬಂದದ್ದು. ಎತ್ತಿಕೊಂಡು ಅಂಗಾತ ಮಲಗಿಸಿದೆ. ಸ್ವಲ್ಪ ಕೊಸರಾಡಿ ಸುಮ್ಮನಾಯಿತು. ಕಿವಿಯ ಒಳಮಡಿಕೆಯಲ್ಲಿ ಎರಡು ಉಣುಗು ಕಚ್ಚಿಕೊಂಡಿದ್ದವು, ಬೂದು ಬಣ್ಣಕ್ಕೆ ಊದಿದ್ದವು. ಮೋಟು ಕೂದಲಾದ್ದರಿಂದ ಕೂಡಲೇ ಕಂಡವು.

ಉಣುಗನ್ನು ಹಗುರವಾಗಿ ನೋಡುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಕಾಡಿನಲ್ಲಿ ತಿರುಗಿದ ನಾಯಿ ಅದನ್ನು ಮನೆಯೊಳಗೆ ತರುತ್ತದೆ. ಮನೆ ಸುತ್ತ ಇರುವ ನಾಯಿ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಹೆಣ್ಣು ಯಾಕೆ ಅಂತ ಅಣ್ಣ ಕೇಳಿದ. ಗಂಡು ನಾಯಿ ಬೆದೆಯ ಕಾಲದಲ್ಲಿ ಊರೆಲ್ಲ ತಿರುಗುತ್ತದೆ, ಚಿರತೆ ಹಿಡಿಯುವುದು ಇಂಥ ತಿರುಗಾಟದಲ್ಲೇ ಜಾಸ್ತಿ. ಹೆಣ್ಣಿಗೆ ಆಪರೇಷನ್ ಮಾಡಿಸಿಬಿಟ್ಟರೆ ಮನೆಯ ಸುತ್ತ ಗಂಡುನಾಯಿಗಳ ಸಂತೆಯೂ ಇರುವುದಿಲ್ಲ. ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡೆ. ಈಗ ಡಿಸ್ಟೆಂಪರ್, ಪಾರ್ವೋ ಅನ್ನುವ ಮಾರಕ ರೋಗಗಳಿಗೆ ಲಸಿಕೆ, ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ. ತಾಯಿಗೂ ಉಳಿದ ಮರಿಗಳಿಗೂ ನಾನೇ ಹಾಕಿಸುತ್ತೇನೆ ಅಂದಿದ್ದೇನೆ. ಲಸಿಕೆ ನಾಯಿಗಾಗಿ ಮಾತ್ರ ಅಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸಿಂಹಗಳನ್ನು ಕೊಂದದ್ದು ಡಿಸ್ಟೆಂಪರ್. 2018ರಲ್ಲಿ ಗುಜರಾತಿನ ಗಿರ್‌ನಲ್ಲೂ ಇದೇ ರೋಗಕ್ಕೆ ಸಿಂಹಗಳು ಸತ್ತವು. ನಮ್ಮ ಕಾಡಿನ ಸೀಳುನಾಯಿಗೆ, ಚಿರತೆಗೆ ನಮ್ಮ ಮನೆಯ ನಾಯಿಯಿಂದ ರೋಗ ಹೋಗಬಾರದು. ಕಾಡಿನ ಪಕ್ಕ ನಾಯಿ ಸಾಕುವವರು ಇಷ್ಟನ್ನಾದರೂ ಮಾಡಲೇಬೇಕು.

ಮಲಗುವ ಜಾಗವೂ ತೀರ್ಮಾನವಾಯಿತು. ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಿ ಹಾಕಿದ ನಾಯಿ ಚಿರತೆಗೆ ಎಲೆ ಹಾಕಿ ಬಡಿಸಿಟ್ಟ ಊಟ. ಕತ್ತಲಾಗುವ ಮೊದಲೇ ಇವಳು ಒಳಗೆ. ಅಡುಗೆಮನೆ ಪಕ್ಕದ ಚಾವಡಿಗೆ ಕಿಟಕಿ ಇದೆ, ಗಾಳಿಯ ವಾಸನೆ ಬರುತ್ತದೆ, ಕೂಗಲು ಅಷ್ಟು ಸಾಕು. ಹಗಲು ಹೊತ್ತಿಗೆ ಅಂಗಳದಲ್ಲಿ ಹಳೆಯ ಗೂಡು ಇದೆ, ಅದಕ್ಕೆ ಮೇಲ್ಗಡೆ ಮುಚ್ಚಿಗೆ ಇಲ್ಲ. ಅಷ್ಟು ಎತ್ತರವನ್ನು ಚಿರತೆ ಸಲೀಸಾಗಿ ಹಾರುತ್ತದೆ. ಗಟ್ಟಿ ಜಾಲರಿ ಹಾಕಿಸಬೇಕು. ಅರಣ್ಯ ಇಲಾಖೆಯಿಂದ ಆನೆ ಇದೆ ಅಂತ ಮೆಸೇಜ್ ಬಂದ ದಿನ ತೋಟಕ್ಕೆ ಅವಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ, ಹಗ್ಗ ಹಾಕಿಯೂ ಇಲ್ಲ. ಇದನ್ನು ಮಕ್ಕಳಿಗೂ ಹೇಳಿಯಾಯಿತು. ಕರೆದಾಗ ಬಂದರೆ ಪ್ರತಿಸಲ ಏನಾದರೂ ತಿನ್ನಲು ಕೊಡುವುದು, ಬಂದ ಮೇಲೆ ಯಾವತ್ತೂ ಬೈಯದಿರುವುದು ಮಕ್ಕಳ ಕೆಲಸ.

ಮರಿ ಇನ್ನೂ ಹಾಲು ಕುಡಿಯುತ್ತಿದೆ. ಎಂಟು ವಾರ ತುಂಬುವವರೆಗೆ ತಾಯಿಯ ಹತ್ತಿರವೇ ಇರಲಿ ಅಂತ ಅಜ್ಜಿಗೆ ಹೇಳಿ ಬಂದೆ. ಅಷ್ಟರೊಳಗೆ ವೆಲ್ಡಿಂಗಿನವನು ಬಂದು ಗೂಡಿನ ಕೆಲಸ ಮುಗಿಸಬೇಕು. ಹೆಸರಿನ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ. ಎರಡಕ್ಷರದ್ದು ಇರಲಿ, ದೂರದಿಂದ ಕೂಗಿ ಕರೆದರೆ ಕೇಳಿಸುವಂತಿರಲಿ ಅಂತ ಮಾತ್ರ ನಾನು ಹೇಳಿದ್ದೇನೆ.