ಸಂಜೆ ಬಾವಲಿ, ಮುಂಜಾನೆ ಹಕ್ಕಿ, ನಿದ್ದೆ ಯಾವಾಗ?

ಪರಿಸರ ಸಲಹಾ ಕಂಪನಿಯ ಫೀಲ್ಡ್ ಕೆಲಸದಲ್ಲಿ ನಮ್ಮ ಹೊತ್ತುಗೊತ್ತನ್ನು ಪ್ರಾಣಿಗಳೇ ನಿರ್ಧರಿಸುತ್ತವೆ. ಕೆಡವಲಿರುವ ಕಟ್ಟಡದಲ್ಲಿ ಬಾವಲಿ ಇವೆಯೇ ಅಂತ ಎಣಿಸಲು ಸೂರ್ಯ ಮುಳುಗುವ ಮೊದಲೇ ಅದರ ಎದುರು ನಿಂತಿರಬೇಕು. ಹಕ್ಕಿ ಸಮೀಕ್ಷೆಗೆ ಬೆಳಕು ಹರಿಯುವಾಗಲೇ ನಡೆಯಲು ಶುರು ಮಾಡಬೇಕು. ಎರಡನ್ನೂ ಒಬ್ಬರ ತಲೆಗೇ ಕಟ್ಟಿ, ನಡುವೆ ಡ್ರೈವಿಂಗ್, ಹಗಲಲ್ಲಿ ವರದಿ ಅಂದರೆ ಮನುಷ್ಯ ಎಷ್ಟು ದಿನ ತಡೆದಾನು?

"ಸುಸ್ತಾಗಿದೆ" ಅಂದರೆ ಆಫೀಸಿನಲ್ಲಿ ಯಾರೂ ಅಷ್ಟಾಗಿ ಕಿವಿಗೊಡುವುದಿಲ್ಲ. "ಡೇಟಾ ಕೆಡುತ್ತಿದೆ" ಅಂದರೆ ಮೀಟಿಂಗ್ ಕರೆಯುತ್ತಾರೆ. ಕೆಡುವುದೂ ನಿಜವೇ.

ಬಾವಲಿ ಸೂರಿನ ಸಂದಿಯಿಂದ ಜಾರಿ ಹೊರಬೀಳುವುದು ರೆಪ್ಪೆ ಬಡಿಯುವಷ್ಟರಲ್ಲಿ. ಬಾವಲಿಯ ಕೂಗನ್ನು ಹಿಡಿಯುವ ಡಿಟೆಕ್ಟರ್ ಟಿಕ್‌ಟಿಕ್ ಅನ್ನುತ್ತದೆ, ಸರಿ. ಆದರೆ ಅದು ಇದೇ ಸಂದಿಯಿಂದ ಬಂತೋ, ಸುಮ್ನೆ ಪಕ್ಕದಲ್ಲಿ ಹಾದುಹೋಯಿತೋ ಅಂತ ಕಣ್ಣೇ ಹೇಳಬೇಕು. ನಿದ್ದೆಗೆಟ್ಟ ಕಣ್ಣಿಗೆ ಅದು ತಪ್ಪಿದರೆ ಫಾರ್ಮಿನಲ್ಲಿ ಸೊನ್ನೆ ಬೀಳುತ್ತದೆ. ಜಾತಿ ತಪ್ಪಾಗಿ ಬರೆದಿದ್ದರೆ ರೆಕಾರ್ಡಿಂಗ್ ನೋಡಿ ತಿದ್ದಬಹುದು. ಈ ಸೊನ್ನೆಯನ್ನು ಯಾವುದರಿಂದ ತಿದ್ದುವುದು? ಅದನ್ನು ನಂಬಿಯೇ ಕಟ್ಟಡ ಕೆಡವುತ್ತಾರೆ, ಅಲ್ವಾ? ಬ್ರಿಟನ್‌ನ ಬಾವಲಿ ಸಮೀಕ್ಷೆಯ ಮಾರ್ಗಸೂಚಿ 2023ರಲ್ಲಿ ಸಂಜೆಯ ಸಮೀಕ್ಷೆಗೆ ಇನ್‌ಫ್ರಾರೆಡ್ ಕ್ಯಾಮೆರಾದಂಥ ಸಾಧನ ಇರಲಿ ಎಂದಿತು, ಬಾವಲಿ ಮರಳುವುದನ್ನು ನೋಡುವ ಮುಂಜಾನೆಯ ಸರದಿಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ನನಗೆ ತುಂಬಾ ಖುಷಿಯಾದ ಬದಲಾವಣೆ ಅದು.

ರಸ್ತೆಯ ಅಪಾಯ ಇನ್ನೂ ದೊಡ್ಡದು. ಸುಮಾರು 17 ಗಂಟೆ ಎಚ್ಚರವಿದ್ದವರು, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಮಂದವಾಗುತ್ತಾರೆ ಅಂತ ಪ್ರಯೋಗಗಳು ತೋರಿಸಿವೆ. ಬೆಳಗ್ಗೆ ಆಫೀಸಿಗೆ ಬಂದವರು ರಾತ್ರಿ ಸೈಟಿನಿಂದ ಮನೆಗೆ ಕಾರು ಓಡಿಸುವಾಗ ಇದೇ ಸ್ಥಿತಿ.

ಇದೆಲ್ಲ ಶುರುವಾಗುವುದು ಕಂಪನಿ ಗ್ರಾಹಕರಿಗೆ ಕೊಡುವ ಕೊಟೇಶನ್‌ನಲ್ಲಿ. ಅಲ್ಲಿ ಸಮೀಕ್ಷೆಯ ಗಂಟೆ ಮಾತ್ರ ಇರುತ್ತದೆ. ಪ್ರಯಾಣ, ಮಳೆ ಬಂದು ಮತ್ತೆ ಹೋಗಬೇಕಾದ ಸರದಿ, ಕೊಳಗಳ ಸಮೀಕ್ಷೆಯಲ್ಲಿ ಒಂದರಿಂದ ಇನ್ನೊಂದಕ್ಕೆ ರೋಗ ದಾಟದಂತೆ ಬೂಟು, ಬಲೆ ತೊಳೆಯುವ ಹೊತ್ತು, ಇವು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹೊಸಬರು ಒಳ್ಳೆ ಹೆಸರಿಗಾಗಿ ಟೈಮ್‌ಶೀಟ್‌ನಲ್ಲಿ ಕಡಿಮೆ ಗಂಟೆ ಬರೆಯುತ್ತಾರೆ. ಮುಂದಿನ ಕೊಟೇಶನ್ ಆ ಗಂಟೆಗಳ ಮೇಲೆಯೇ ನಿಲ್ಲುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ದುಡಿದಷ್ಟನ್ನೂ ಬರೆಯಿರಿ.

ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ 24 ಗಂಟೆಗೆ ಒಮ್ಮೆ 11 ಗಂಟೆಯ ಸತತ ಬಿಡುವು ಇದೆ. ನೀವು ಎಲ್ಲೇ ಇರಿ, ಅದನ್ನೇ ಅಳತೆಗೋಲು ಮಾಡಿಕೊಂಡು ವೇಳಾಪಟ್ಟಿ ಕೇಳಿ. ಆಗ ಸಂಜೆಗೆ ಹೋದವರನ್ನು ಮರುದಿನ ಮುಂಜಾನೆಗೆ ಹಾಕಲು ಬರುವುದಿಲ್ಲ. ಸೀಸನ್‌ಗೆ ಮೊದಲೇ ಕೇಳಬೇಕು. ನಡುವೆ ಕೇಳಿದರೆ ಬದಲಿ ಜನ ಸಿಗುವುದಿಲ್ಲ.