ರೋಸ್ ಬೌಲ್ ನೋಡಲು ಪಸಡೀನಾಕ್ಕೆ ಹೊರಟವರಿಗೆ

ರೋಸ್ ಬೌಲ್ ಎಂದರೆ ಲಾಸ್ ಏಂಜಲೀಸ್ ಪಕ್ಕದ ಪಸಡೀನಾದಲ್ಲಿ ನಡೆಯುವ ಅಮೆರಿಕನ್ ಕಾಲೇಜು ಫುಟ್‌ಬಾಲ್ ಪಂದ್ಯ, ಕ್ರೀಡಾಂಗಣದ ಹೆಸರೂ ಅದೇ. ಮೊದಲು ವಸತಿ, ಆಮೇಲೆ ಟಿಕೆಟ್. ಪಂದ್ಯ ಜನವರಿ 1ಕ್ಕೆ, ಅಂದು ಭಾನುವಾರ ಬಿದ್ದರೆ 2ಕ್ಕೆ. ದಿನ ಮೊದಲೇ ಗೊತ್ತಿರುತ್ತದೆ, ತಂಡಗಳು ಗೊತ್ತಿರುವುದಿಲ್ಲ. 2025, 2026ರಲ್ಲಿ ಇಲ್ಲಿ ನಡೆದದ್ದು ಕಾಲೇಜು ಚಾಂಪಿಯನ್ನರನ್ನು ನಿರ್ಧರಿಸುವ 12 ತಂಡಗಳ ಪ್ಲೇಆಫ್‌ನ ಕ್ವಾರ್ಟರ್ ಫೈನಲ್. ಮೊದಲ ಸುತ್ತು ಆಡದೆ ನೇರವಾಗಿ ಬರುವ ತಂಡ ಡಿಸೆಂಬರ್ ಆರಂಭದಲ್ಲಿ ಗೊತ್ತಾಗುತ್ತದೆ, ಎದುರಾಳಿ ಯಾರೆಂದು ತಿಳಿಯಲು ಡಿಸೆಂಬರ್ 20ರ ಆಸುಪಾಸಿನವರೆಗೆ ಕಾಯಬೇಕು. ಅಷ್ಟರಲ್ಲಿ ಪಸಡೀನಾದ ಹೋಟೆಲ್‌ಗಳ ದರ ಮುಗಿಲು ಮುಟ್ಟಿರುತ್ತದೆ, ಹಲವು ಕಡೆ ಕನಿಷ್ಠ ಎರಡು ಮೂರು ರಾತ್ರಿ ಇರಲೇಬೇಕೆನ್ನುತ್ತಾರೆ. ಹಾಗಾಗಿ ರದ್ದು ಮಾಡಬಹುದಾದ ರೂಮನ್ನು ಬೇಗ ಹಿಡಿದಿಡಿ. ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್ ಅಥವಾ ಲಿಟಲ್ ಟೋಕಿಯೋ ಹತ್ತಿರವಾದರೆ ಒಳ್ಳೆಯದು, ಅಲ್ಲಿಂದ ಮೆಟ್ರೋದ ಎ ಲೈನ್ ನೇರ ಪಸಡೀನಾಕ್ಕೆ ಹೋಗುತ್ತದೆ.

ಸೀಟು ಆರಿಸುವಾಗ ‘ಮೈದಾನಕ್ಕೆ ಹತ್ತಿರ’ ಎಂಬ ಆಸೆ ಬೇಡ. 1922ರಲ್ಲಿ ಕಟ್ಟಿದ ಈ ಕ್ರೀಡಾಂಗಣದ ಕೆಳಭಾಗದ ಇಳಿಜಾರು ತೀರಾ ಕಡಿಮೆ. ಕೆಳಗಿನ ಹತ್ತು ಹನ್ನೆರಡು ಸಾಲುಗಳಲ್ಲಿ ಕೂತರೆ ಅಂಚಿನಲ್ಲಿ ನಿಂತ ಆಟಗಾರರ ಬೆನ್ನೇ ಕಾಣುತ್ತದೆ, ದೂರದ ತುದಿಯ ಆಟ ಪರದೆಯಲ್ಲಿ ನೋಡಬೇಕಾಗುತ್ತದೆ. ನಡುವಿನ ಸಾಲುಗಳು ವಾಸಿ. ಪೂರ್ವದ ಬದಿಯಲ್ಲಿ ಕೂತವರಿಗೆ ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಟೋಪಿ ಬೇಕೇ ಬೇಕು. ಪಶ್ಚಿಮದ ಬದಿಗೆ ನೆರಳು ಬೇಗ ಬರುತ್ತದೆ, ಜತೆಗೆ ಚಳಿಯೂ. ದಶಕಗಳ ಕಾಲ 2 ಗಂಟೆಗೆ ಶುರುವಾಗುತ್ತಿದ್ದ ಆಟ 2026ರಲ್ಲಿ 1 ಗಂಟೆಗೇ ಶುರುವಾಯಿತು, ಹೊರಡುವ ಮುನ್ನ ಸಮಯ ಮತ್ತೊಮ್ಮೆ ನೋಡಿಕೊಳ್ಳಿ. ಆಟ ಸುಮಾರು ಮೂರೂವರೆ ತಾಸು ಹಿಡಿಯುತ್ತದೆ, ಸೂರ್ಯ 5ಕ್ಕೆ ಮೊದಲೇ ಮುಳುಗುತ್ತಾನೆ. ಸ್ವೆಟರ್ ಮೈಮೇಲೇ ಇರಲಿ. ಕೊಡೆಯನ್ನು ಒಳಗೆ ಬಿಡುವುದಿಲ್ಲ, ಮಳೆಯ ಸೂಚನೆ ಇದ್ದರೆ ರೇನ್‌ಕೋಟ್ ಒಯ್ಯಿರಿ. ಬ್ಯಾಗು ಪಾರದರ್ಶಕವಾಗಿರಬೇಕು, ಅಳತೆ 12×6×12 ಇಂಚು ಮೀರಬಾರದು. ಟಿಕೆಟ್ ಫೋನಿನಲ್ಲೇ ಇರುತ್ತದೆ, ಗೇಟಿನ ಬಳಿ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಅದನ್ನು ಫೋನಿನ ವ್ಯಾಲೆಟ್‌ಗೆ ರೂಮಿನಲ್ಲೇ ಸೇರಿಸಿಕೊಂಡಿರಿ.

ಈ ಪ್ರವಾಸದಲ್ಲಿ ದಿನ ಕೆಡುವುದು ಹೋಗುವ, ಬರುವ ದಾರಿಯಲ್ಲೇ. ಕ್ರೀಡಾಂಗಣ ಇರುವುದು ಅರೋಯೊ ಸೆಕೊ ಎಂಬ ಕಣಿವೆಯಲ್ಲಿ. ಪಾರ್ಕಿಂಗ್ ಪಕ್ಕದ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ, ಪಾಸ್ ಮೊದಲೇ ಕೊಂಡಿರಬೇಕು. ಮೇಲಕ್ಕೆ ಹತ್ತುವ ರಸ್ತೆಗಳು ಕೆಲವೇ, ಎಲ್ಲ ಕಾರುಗಳೂ ಒಮ್ಮೆಲೇ ಹೊರಡುತ್ತವೆ. ಎರಡು ತಾಸು ಅಲ್ಲೇ ನಿಂತರೂ ಆಶ್ಚರ್ಯವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಕಾರಿನಲ್ಲಿ ಬರುವ ನಮ್ಮವರು ಅದೇ ರಾತ್ರಿ ವಾಪಸ್ ಹೊರಡುವ ಯೋಚನೆ ಬಿಡಬೇಕು: ಆರು ತಾಸಿನ ದಾರಿಗೆ ಈ ಎರಡು ತಾಸೂ ಸೇರುತ್ತದೆ.

ರೈಲಿನಲ್ಲಿ ಬಂದರೆ ಮೆಮೋರಿಯಲ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸುಮಾರು 3 ಕಿ.ಮೀ. ನಡಿಗೆ, ಇಲ್ಲವೇ ಸ್ವಲ್ಪ ದೂರದ ಪಾರ್ಸನ್ಸ್ ಪಾರ್ಕಿಂಗ್‌ನಿಂದ ಶಟಲ್ ಬಸ್. ಹೋಗುವಾಗ ಇಳಿಜಾರು, ಬರುವಾಗ ಏರು. ಮಂಡಿ ನೋವಿನವರು ಶಟಲ್ ಸರದಿಯಲ್ಲೇ ನಿಲ್ಲಲಿ, ಉಳಿದವರು ನಡೆದರೆ ಹಲವು ಸಲ ಬಸ್ಸಿಗಿಂತ ಬೇಗ ತಲುಪುತ್ತಾರೆ. ಮೆಟ್ರೋ ಪ್ರಯಾಣದ ಟ್ಯಾಪ್ ಕಾರ್ಡಿಗೆ ವಾಪಸ್ ಪ್ರಯಾಣದ ಹಣವನ್ನೂ ಬೆಳಗ್ಗೆಯೇ ತುಂಬಿ, ಸಂಜೆ ಹಣ ತುಂಬುವ ಯಂತ್ರದ ಮುಂದಿನ ಸಾಲು ಕರಗುವುದೇ ಇಲ್ಲ.

ಪಂದ್ಯದ ದಿನವೇ ಬೆಳಗ್ಗೆ 8ಕ್ಕೆ ಹೊರಡುವ ಹೂರಥಗಳ ಮೆರವಣಿಗೆ, ರೋಸ್ ಪರೇಡನ್ನೂ ನೋಡುವವರು ಮೆರವಣಿಗೆ ಹೊರಡುವ ತುದಿಯಲ್ಲಿ, ಆರೆಂಜ್ ಗ್ರೋವ್ ರಸ್ತೆಯ ಹತ್ತಿರ ಜಾಗ ಹಿಡಿಯಿರಿ. ಅಲ್ಲಿ 10ರ ಹೊತ್ತಿಗೆ ಮುಗಿಯುತ್ತದೆ, ಕ್ರೀಡಾಂಗಣವೂ ನಡಿಗೆಯ ದೂರ. ಒಂಬತ್ತು ಕಿ.ಮೀ. ಆಚೆಯ ಪೂರ್ವದ ತುದಿಯಲ್ಲಿ ನಿಂತರೆ ಆಟದ ಆರಂಭ ತಪ್ಪಬಹುದು. ಮೆರವಣಿಗೆ ಸಾಗುವ ಕೊಲೊರಾಡೊ ಬೊಲಿವಾರ್ಡ್ ರಸ್ತೆ ಹಿಂದಿನ ರಾತ್ರಿ 10ರಿಂದಲೇ ವಾಹನಗಳಿಗೆ ಬಂದ್, ಟ್ಯಾಕ್ಸಿ ನೆಚ್ಚಿಕೊಳ್ಳಬೇಡಿ.

ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಪರೇಡ್ ಬಿಡುವುದೇ ಲೇಸು. ಅದೇ ಹೂರಥಗಳನ್ನು ಮರುದಿನ ಸಿಯೆರಾ ಮಾಡ್ರೆ ಬೊಲಿವಾರ್ಡ್ ಬಳಿ ಸಾಲಾಗಿ ನಿಲ್ಲಿಸಿರುತ್ತಾರೆ. ಪ್ರತ್ಯೇಕ ಟಿಕೆಟ್ ಇದೆ, ಆದರೆ ಕೈಯಳತೆಯ ದೂರದಿಂದ ನೋಡಬಹುದು: ದೂರಕ್ಕೆ ಬಣ್ಣ ಬಳಿದಂತೆ ಕಾಣುವ ಮೈಯೆಲ್ಲ ಹೂವಿನ ಎಸಳು, ಅಕ್ಕಿ, ಬೇಳೆ, ಕೊಬ್ಬರಿ ತುರಿ, ಒಂದೊಂದನ್ನೂ ಕೈಯಿಂದ ಅಂಟಿಸಿದ್ದು.