76ನೇ ರೇಖಾಂಶದ ಆಚೆ ಈಚೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋದರೆ ಸುಮಾರು 60 ಕಿಲೋಮೀಟರ್. ಸರ್ವೆ ಆಫ್ ಇಂಡಿಯಾದ ಹಳೆಯ, ಮೈಲಿಗೆ ಒಂದು ಇಂಚಿನ ನಕ್ಷೆಯಲ್ಲಿ ಅದೇ ದಾರಿ ಹಿಡಿಯಲು ನಾಲ್ಕು ಹಾಳೆ ಬೇಕು. 48ಎನ್/15ರಲ್ಲಿ ದಾವಣಗೆರೆ, 57ಬಿ/3ರಲ್ಲಿ ಭರಮಸಾಗರ, ಮುಂದೆ 57ಬಿ/7, ಕೊನೆಗೆ 57ಬಿ/8ರಲ್ಲಿ ದುರ್ಗ. 48ರ ಪಕ್ಕ 57 ಬರಲು ಕಾರಣ 76 ಡಿಗ್ರಿ ರೇಖಾಂಶ. ಅದು ದಾವಣಗೆರೆಯಿಂದ ಎಂಟೊಂಬತ್ತು ಕಿಲೋಮೀಟರ್ ಪೂರ್ವಕ್ಕೆ ಹಾಯುತ್ತದೆ, ಹಳೆಯ ಸಂಖ್ಯಾಕ್ರಮದ ನಾಲ್ಕು ಡಿಗ್ರಿಯ ದೊಡ್ಡ ಚೌಕಗಳು ಅಲ್ಲೇ ಬದಲಾಗುತ್ತವೆ. ಈ ಲೆಕ್ಕ ತಿಳಿಯದೆ ಗ್ರಂಥಾಲಯದ ಪಟ್ಟಿಯಲ್ಲಿ ದುರ್ಗದ ಹಾಳೆಯನ್ನು 48ರ ಕಟ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಈ ನಾಲ್ಕು ಹಾಳೆಗಳನ್ನು ಆನ್‌ಲೈನ್ ಸಂಗ್ರಹಕ್ಕೆ ಏರಿಸಿದ ಒಂದು ದಿನದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇವೆ. ಹಕ್ಕಿನ ಪ್ರಶ್ನೆ ಮೊದಲು. ನಮ್ಮ ಕಾಯ್ದೆಯಂತೆ ಸರ್ಕಾರಿ ಪ್ರಕಟಣೆಯ ಕೃತಿಸ್ವಾಮ್ಯ 60 ವರ್ಷ. ಆದ್ದರಿಂದ ಅಚ್ಚಾದ ವರ್ಷವನ್ನು ಹಾಳೆಯ ಅಂಚಿನಲ್ಲಿ ಓದಿಕೊಂಡೇ ಮುಂದುವರಿಯಬೇಕು.

ಬೆಳಿಗ್ಗೆ ಸ್ಕ್ಯಾನಿಂಗ್. 400 ಡಿಪಿಐ (ಇಂಚಿಗೆ 400 ಚುಕ್ಕಿ) ಸಾಕು, ಆ ಅಳತೆಯಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ ನಾಲ್ಕು ಮೀಟರ್. ಒಂದು ಹಾಳೆ ಹಿಡಿಯುವ ಹದಿನೈದು ನಿಮಿಷದ, ಅಂದರೆ ಕಾಲು ಡಿಗ್ರಿಯ, ಚೌಕ ನಮ್ಮ ಅಕ್ಷಾಂಶದಲ್ಲಿ ಹದಿನೇಳು ಇಂಚಿನ ಆಸುಪಾಸು ಬರುವುದರಿಂದ ಕುಗ್ಗಿಸದ ಟಿಫ್ ಚಿತ್ರಕಡತದಲ್ಲಿ ಚೌಕಕ್ಕೇ ಸುಮಾರು 140 ಎಂಬಿ. ಅಂಚುಗಳನ್ನು ಮಾತ್ರ ಎಂದಿಗೂ ಕತ್ತರಿಸಬಾರದು. ಸರ್ವೆ ನಡೆದ ವರ್ಷ, ಅಚ್ಚಾದ ವರ್ಷ, ಚಿಹ್ನೆಗಳ ಅರ್ಥ, ರೇಖಾಂಶದ ಟಿಪ್ಪಣಿ ಎಲ್ಲವೂ ಅಲ್ಲೇ ಇರುತ್ತವೆ. ಸರ್ವೆಗೂ ಅಚ್ಚಿಗೂ ನಡುವೆ ವರ್ಷಗಳೇ ಉರುಳಿರಬಹುದು. ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ದಾಖಲಿಸದ ಸಂಗ್ರಹ ಓದುಗನನ್ನು ದಾರಿ ತಪ್ಪಿಸುತ್ತದೆ. ಬಟ್ಟೆಗೆ ಅಂಟಿಸಿ ಮಡಿಕೆಗಾಗಿ ತುಂಡು ಮಾಡಿದ ಹಾಳೆಯಾದರೆ ಪ್ರತಿ ತುಂಡನ್ನೂ ಬೇರೆಯಾಗಿಯೇ ನೆಲಕ್ಕೆ ಹೊಂದಿಸಬೇಕು. ತುಂಡುಗಳ ನಡುವಿನ ಬಟ್ಟೆಯ ಸಂದು ಮೂರು ಮಿಲಿಮೀಟರ್ ಇದ್ದರೂ ನೆಲದಲ್ಲಿ ಅದು 190 ಮೀಟರ್.

ದಿನದ ದೊಡ್ಡ ಪಾಲು ಹೋಗುವುದು ಹೊಂದಿಸುವುದಕ್ಕೆ, ಅಂದರೆ ಹಾಳೆಯ ಬಿಂದುಗಳನ್ನು ನೆಲದ ಮೇಲಿನ ಅವುಗಳ ಜಾಗಕ್ಕೆ ಕೂಡಿಸುವುದಕ್ಕೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಈ ಕೆಲಸಕ್ಕಿರುವ ಜಿಯೋರೆಫರೆನ್ಸರ್ ತೆರೆದು ಮೊದಲು ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಕೊಡುತ್ತೇವೆ. 20ನೇ ಶತಮಾನದ ಹಾಳೆಗಳು ಭೂಮಿಯ ಆಕಾರದ ಹಳೆಯ ಲೆಕ್ಕವಾದ ಎವರೆಸ್ಟ್ ಗೋಲಾಭದ ಮೇಲೆ ನಿಂತಿವೆ. ಅದನ್ನು ನೇರವಾಗಿ ಇಂದಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂದು ಭಾವಿಸಿದರೆ ಇಡೀ ಊರು ಒಂದು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. 19ನೇ ಶತಮಾನದ ಹಾಳೆಗಳಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಅವುಗಳ ರೇಖಾಂಶ ಮದರಾಸು ವೀಕ್ಷಣಾಲಯಕ್ಕೆ ಆಗ ಒಪ್ಪಿದ್ದ ರೇಖಾಂಶದ ಅಂಕಿಯನ್ನು ಆಧರಿಸಿದ್ದು, ಮುಂದೆ ಆ ಅಂಕಿಯೇ ಎರಡೂವರೆ ನಿಮಿಷದಷ್ಟು ತಿದ್ದುಪಡಿಯಾಯಿತು. ಅಚ್ಚಾದ ಅಂಕಿಯನ್ನೇ ನಂಬಿದರೆ ದುರ್ಗದ ಏಳುಸುತ್ತಿನ ಕೋಟೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಪೂರ್ವಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಮೂಲೆಗಳ ಜೊತೆಗೆ ನೆಲದ ಗುರುತುಗಳೂ ಬೇಕೇ ಬೇಕು.

ಯಾವ ಗುರುತು ನಂಬಬೇಕು ಎಂಬುದರಲ್ಲೇ ಈ ಕೆಲಸದ ಕುಶಲತೆ ಇದೆ. ಜೋಗಿಮಟ್ಟಿಯಂಥ ಬೆಟ್ಟದ ನೆತ್ತಿಯಲ್ಲಿ ತ್ರಿಕೋನದ ಗುರುತಿದ್ದರೆ ಅದು ಉತ್ತಮ, ಅಳತೆ ಹೊರಟದ್ದೇ ಅಂಥ ನೆತ್ತಿಗಳಿಂದ. ಕೋಟೆಯ ಬುರುಜು, ಹಳೆಯ ಕಲ್ಲಿನ ದೇವಸ್ಥಾನ ಒಳ್ಳೆಯವು. ಹರಿಹರದ ಹಾಳೆ ಏರಿಸುವಾಗ ಹರಿಹರೇಶ್ವರ ದೇವಸ್ಥಾನ ಇದ್ದೇ ಇದೆ. ಕೆರೆಯಲ್ಲಿ ಏರಿಯ ಎರಡು ತುದಿ ಹಿಡಿಯಬೇಕು, ನೀರಿನ ಅಂಚು ಮಳೆಗಾಲಕ್ಕೊಂದು ಬೇಸಿಗೆಗೊಂದು. ಹಳ್ಳ ಕೂಡುವ ಜಾಗ ಕಾಲಕಾಲಕ್ಕೆ ಸರಿಯುತ್ತದೆ. ರಸ್ತೆ ಕೂಡುವ ಜಾಗವೂ ಹೆದ್ದಾರಿ ಅಗಲವಾದ ಮೇಲೆ ಅನುಮಾನವೇ.

ಒಂದು ಹಾಳೆಗೆ ಹನ್ನೆರಡರಿಂದ ಹದಿನೈದು ಬಿಂದು ಇಡುತ್ತೇವೆ, ಹಾಳೆಯ ತುಂಬ ಹರಡಿ. ಹಾಳೆಯನ್ನು ನೆಲಕ್ಕೆ ಕೂಡಿಸುವ ಸೂತ್ರಗಳಲ್ಲಿ, ಲೆಕ್ಕದ ಪ್ರಕಾರ ಮೊದಲ ದರ್ಜೆಯ ಪಾಲಿನೋಮಿಯಲ್‌ಗೆ ಮೂರು ಬಿಂದು, ಎರಡನೆಯದಕ್ಕೆ ಆರು ಸಾಕು. ಆದರೆ ಅಷ್ಟೇ ಕೊಟ್ಟರೆ ತಪ್ಪು ಎಲ್ಲಿದೆಯೆಂದು ಕಾಣುವುದಿಲ್ಲ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಇನ್ನೊಂದು ಸೂತ್ರ ಎಲ್ಲ ಬಿಂದುವಿನಲ್ಲೂ ಸೊನ್ನೆ ದೋಷ ತೋರಿಸಿ ಖುಷಿಪಡಿಸುತ್ತದೆ, ಏಕೆಂದರೆ ಅದು ಕಾಗದವನ್ನೇ ಎಳೆದು ಬಿಂದುವಿಗೆ ಸೇರಿಸುತ್ತದೆ. ಒಂದು ಬಿಂದು ತಪ್ಪಾಗಿದ್ದರೆ ಸುತ್ತಲಿನ ಹಳ್ಳಿಗಳೆಲ್ಲ ಅದರ ಜೊತೆ ಹೋಗುತ್ತವೆ. ಮುದ್ರಿತ ಸರ್ವೆ ಹಾಳೆಗೆ ಮೊದಲ ದರ್ಜೆಯೇ ಸಾಕು, ದೋಷ ಹೆಚ್ಚಿರುವ ಬಿಂದುವನ್ನು ಅಳಿಸುವ ಮೊದಲು ಏಕೆ ಹೆಚ್ಚಿದೆ ಎಂದು ನೋಡಬೇಕು ಎಂಬುದು ನಮ್ಮ ನಿಲುವು. ಕೊನೆಯ ಪರೀಕ್ಷೆ ಹೊಲಿಗೆಯಲ್ಲಿ: 48ಎನ್/15ರಿಂದ 57ಬಿ/3ಕ್ಕೆ ದಾಟುವ ರಸ್ತೆ, ಹಳ್ಳ ಎರಡೂ ತುಂಡಾಗದೆ ಮುಂದುವರಿದರೆ ಕೆಲಸ ಕೂಡಿಬಂತು.

ಜಾಲಕ್ಕೆ ಹಾಕುವಾಗ ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್ ಮಾಡುತ್ತೇವೆ, ಅಂದರೆ ನೆಲದ ಸ್ಥಾನವನ್ನೂ ಹೊತ್ತ, ಬೇಕಾದ ಭಾಗವನ್ನಷ್ಟೇ ಜಾಲದಿಂದ ತೆರೆಯಬಹುದಾದ ಕಡತ. ಪರದೆಗೆ ತುಂಡುತುಂಡಾಗಿ ಬರುವ ಚಿತ್ರಗಳಾದ ಟೈಲ್ ಜೂಮ್ 15ರವರೆಗೆ ಸಾಕು, ಅದರಾಚೆ ಮಸುಕೇ ದೊಡ್ಡದಾಗುತ್ತದೆ. ಮೂಲ ಟಿಫ್ ಕಡತವನ್ನೂ ನಿಯಂತ್ರಣ ಬಿಂದುಗಳ ಕಡತವನ್ನೂ ಜೊತೆಗಿಡಬೇಕು, ಮುಂದೆ ಯಾರಾದರೂ ಹೊಂದಿಕೆಯನ್ನು ತಿದ್ದಬಹುದು. ಹುಡುಕಾಟಕ್ಕೆ ಅಚ್ಚಿನಲ್ಲಿರುವ ‘ಚಿತಲ್‌ದ್ರೂಗ್’ ಕೂಡ ಬೇಕು, ಇಂದಿನ ಚಿತ್ರದುರ್ಗವೂ ಬೇಕು.

ಇಷ್ಟಾದ ಮೇಲೆ ನೋಡುವ ಸುಖವೇ ಬೇರೆ. ಹಳೆಯ ಹಾಳೆಯನ್ನು ಉಪಗ್ರಹ ಚಿತ್ರದ ಮೇಲೆ ಅರೆಪಾರದರ್ಶಕವಾಗಿ ಇಟ್ಟರೆ ಭದ್ರಾ ನಾಲೆ ಬರುವ ಮುಂಚಿನ ದಾವಣಗೆರೆ ಸೀಮೆಯೂ ಇಂದಿನ ಭತ್ತದ ಗದ್ದೆಯೂ ಒಂದೇ ಪರದೆಯಲ್ಲಿ ಸಿಗುತ್ತವೆ. ಹಿರಿಯೂರು ಕಡೆಯ ಹಾಳೆಯಾದರೆ 1907ಕ್ಕೆ ಮುಂಚಿನ ಸರ್ವೆಯನ್ನೇ ಹುಡುಕಬೇಕು. ಆ ವರ್ಷ ಮುಗಿದ ವಾಣಿವಿಲಾಸ ಸಾಗರದಲ್ಲಿ ಮುಳುಗಿದ ವೇದಾವತಿಯ ಕಣಿವೆ ನಕ್ಷೆಯಲ್ಲಿ ಕಾಣುವುದು ಅದರಲ್ಲೇ.

ಮಳೆ, ಮಣ್ಣು, ಬೆಳೆಯ ವಿಷಯ ನಕ್ಷೆಗಳಿಗೆ ಬೇರೆ ಎಚ್ಚರ ಬೇಕು. ಒಂದೇ ಪ್ರಮಾಣದ ಮಳೆಯ ಜಾಗಗಳನ್ನು ಸೇರಿಸುವ ಸಮಮಳೆ ರೇಖೆ ಯಾವ ಗಡಿಯನ್ನೂ ಲೆಕ್ಕಿಸದೆ ಹರಿಯುವುದರಿಂದ ಹಳೆಯದನ್ನು ಹೊಸದರ ಜೊತೆ ಇಡಬಹುದು. ಜಿಲ್ಲೆಗೊಂದು ಬಣ್ಣ ತುಂಬಿದ ಹತ್ತಿಯ ನಕ್ಷೆಯನ್ನು ಹಾಗೆ ಇಡಲಾಗದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿ ಈಗ ವಿಜಯನಗರದಲ್ಲಿದೆ. ಅಂಕಿಗಳು ತಾಲ್ಲೂಕುವಾರು ಸಿಕ್ಕರೆ ಹಾಗೆಯೇ ದಾಖಲಿಸಿ, ಪ್ರತಿ ನಕ್ಷೆಗೂ ಆಯಾ ವರ್ಷದ ಗಡಿಯ ಪದರವನ್ನು ಕಟ್ಟಿಡುತ್ತೇವೆ. ಜಿಲ್ಲೆಯ ಮೊತ್ತ ಮಾತ್ರ ಇದ್ದರೆ ಎರಡು ಕಾಲದ ನಕ್ಷೆಗಳನ್ನು ಪಕ್ಕಪಕ್ಕ ತೋರಿಸುವ ಗುಂಡಿಯನ್ನು ಆ ನಕ್ಷೆಗೆ ಕೊಡುವುದಿಲ್ಲ.